ಮುಂಬೈಯಿಂದ ಇರಾನಿಗೆ ಹೋದ ಮಾಣೆಕ್‌ಜಿ

ಮುಂಬೈಯ ಪಾರ್ಸಿಗಳು ನಮಗೆಲ್ಲ ಪರಿಚಿತರೇ. ಪೂರ್ವಜರು ಬಿಟ್ಟುಬಂದ ನಾಡಿಗೆ ಅವರು ಏನು ಮಾಡಿದರು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಆ ಕಥೆ ಶುರುವಾಗುವುದು ಒಬ್ಬ ಹೆಣ್ಣುಮಗಳಿಂದ. ಗುಲಿಸ್ತಾನ್ ಬಾನು 1796ರಲ್ಲಿ ತಂದೆಯೊಡನೆ ಇರಾನಿನಿಂದ ತಪ್ಪಿಸಿಕೊಂಡು ಮುಂಬೈಗೆ ಬಂದಳು, ಇಲ್ಲಿನ ಪಾರ್ಸಿ ವ್ಯಾಪಾರಿಯೊಬ್ಬರನ್ನು ಮದುವೆಯಾದಳು. ತನ್ನಂತೆಯೇ ಓಡಿಬಂದವರಿಗೆ ಆ ಮನೆ ಆಸರೆಯಾಯಿತು. ಇರಾನಿನಲ್ಲೇ ಉಳಿದ ಜರತುಷ್ಟ್ರ ಧರ್ಮೀಯರಿಗಾಗಿ ಮುಂದೆ ಸಂಸ್ಥೆ ಕಟ್ಟಿದ್ದು ಆಕೆಯ ಮಗ ಮೆಹರ್ವಾನ್‌ಜಿ.

ಆ ಸಂಸ್ಥೆಯ ಪ್ರತಿನಿಧಿಯಾಗಿ 1854ರಲ್ಲಿ ಹೊರಟವರು ಮಾಣೆಕ್‌ಜಿ ಲಿಮ್‌ಜಿ ಹತಾರಿಯಾ. 1813ರಲ್ಲಿ ಸೂರತ್ ಬಳಿ ಹುಟ್ಟಿ, ವ್ಯಾಪಾರಕ್ಕಾಗಿ ಊರೂರು ಸುತ್ತಿದ್ದವರು. ಯಜ್ದ್, ಕೆರ್ಮಾನ್‌ಗಳಲ್ಲಿ ಅವರು ಕಂಡದ್ದು ಬಡತನ, ಅವಮಾನ, ಜೊತೆಗೆ ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ. ಮುಂಬೈಯ ಹಣದಿಂದ ಶಾಲೆ ತೆರೆದರು, ಅಗ್ನಿಮಂದಿರಗಳನ್ನು ಸರಿಪಡಿಸಿದರು, ಬಡ ಹುಡುಗಿಯರ ಮದುವೆ ಮಾಡಿಸಿದರು. (ನಾವಾಗಿದ್ದರೆ ಇಷ್ಟಕ್ಕೇ ಫೋಟೋ ತೆಗೆಸಿಕೊಂಡು ವಾಪಸಾಗುತ್ತಿದ್ದೆವೇನೋ!)

ತೆರಿಗೆಯ ವಿಷಯ ಹಾಗಲ್ಲ. ಈ ವರ್ಷ ಯಾರೋ ಕಟ್ಟಿದರೂ ಮುಂದಿನ ವರ್ಷ ಮತ್ತೆ ಬರುತ್ತದೆ. ಅದಕ್ಕೆ ಚಂದಾ ಸಾಲದು, ಅಲ್ಲೇ ಕೂತು ಬೆನ್ನುಬೀಳುವ ಒಬ್ಬ ಮನುಷ್ಯ ಬೇಕು. ನನಗೆ ಹತಾರಿಯಾ ದೊಡ್ಡವರಾಗಿ ಕಾಣುವುದು ಇಲ್ಲಿ. ದರ್ಬಾರಿಗೆ ಅಲೆದರು, ಬ್ರಿಟಿಷ್ ರಾಯಭಾರಿಗಳ ನೆರವು ಕೇಳಿದರು, ಅರ್ಜಿಯ ಮೇಲೆ ಅರ್ಜಿ ಹಾಕಿಸಿದರು. ಹೋಗಿ 28 ವರ್ಷಗಳಾದ ಮೇಲೆ, 1882ರಲ್ಲಿ, ಷಾ ನಾಸಿರುದ್ದೀನ್ ಆ ತೆರಿಗೆಯನ್ನು ರದ್ದುಮಾಡಿದ.

ಹತಾರಿಯಾ 1890ರಲ್ಲಿ ಟೆಹರಾನಿನಲ್ಲೇ ತೀರಿಕೊಂಡರು.