ಕಾಯುವುದನ್ನು ಬಲ್ಲ ಕುಶಲಕರ್ಮಿ ಗುನ್‌ಪೇ ಯೊಕೊಯಿ

1990ರ ದಶಕದಲ್ಲಿ ಕರ್ನಾಟಕದ ಪಟ್ಟಣಗಳ ಫ್ಯಾನ್ಸಿ ಅಂಗಡಿಗಳಲ್ಲಿ, ಜಾತ್ರೆಗಳಲ್ಲಿ ಬ್ರಿಕ್ ಗೇಮ್ ಎಂಬ ಪುಟ್ಟ ಆಟದ ಯಂತ್ರ ಮಾರಾಟವಾಗುತ್ತಿತ್ತು. ಬೂದು ಪರದೆಯ ಮೇಲೆ ಉದುರುವ ಇಟ್ಟಿಗೆಗಳನ್ನು ಜೋಡಿಸುವ ಆಟವದು. ಅದನ್ನು ಆಡಿ ಬೆಳೆದವರಲ್ಲಿ ಬಹುತೇಕರಿಗೆ ಗುನ್‌ಪೇ ಯೊಕೊಯಿ ಎಂಬ ಹೆಸರಿನ ಪರಿಚಯವಿಲ್ಲ. ಅಗ್ಗದ ಪರದೆ, ಕೆಲವೇ ಗುಂಡಿಗಳು, ಜೇಬಿಗೆ ಹೊರೆಯಾಗದ ಬೆಲೆ ಎಂಬ ಸೂತ್ರವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನ ಈ ಎಂಜಿನಿಯರ್. ಸರಕನ್ನು ಯಾವ ಬೆಲೆಗೆ, ಯಾವ ಹೊತ್ತಿನಲ್ಲಿ ಮಾರುಕಟ್ಟೆಗೆ ಬಿಡಬೇಕು ಎಂಬ ಪ್ರಶ್ನೆಯೇ ಅವರನ್ನು ಎತ್ತರಕ್ಕೇರಿಸಿತು. ಅದೇ ಪ್ರಶ್ನೆ ಕಡೆಗಾಲದಲ್ಲಿ ಅವರನ್ನು ಸೋಲಿಸಿತು.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೋ ನಗರದಲ್ಲಿ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ, 1965ರಲ್ಲಿ ಅದೇ ಊರಿನ ನಿಂಟೆಂಡೊ ಕಂಪನಿ ಸೇರಿದರು. ಆಗ ನಿಂಟೆಂಡೊಗೂ ವಿಡಿಯೊ ಗೇಮ್‌ಗೂ ಯಾವ ಸಂಬಂಧವೂ ಇರಲಿಲ್ಲ. ಅದು ಹನಾಫುಡಾ ಎಂಬ ಜಪಾನೀ ಇಸ್ಪೀಟೆಲೆಗಳನ್ನು ತಯಾರಿಸುವ ಸಂಸ್ಥೆ. ಎಲೆ ತಯಾರಿಸುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವುದು ಯೊಕೊಯಿ ಅವರ ಕೆಲಸ.

ಬಿಡುವಿನ ವೇಳೆಯಲ್ಲಿ ಅವರು ಚಾಚಿ ಹಿಡಿಯಬಲ್ಲ ಆಟಿಕೆಯ ಕೈಯೊಂದನ್ನು ಮಾಡಿಕೊಂಡಿದ್ದರು. ಕಾರ್ಖಾನೆಗೆ ಬಂದ ಅಧ್ಯಕ್ಷ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಅದು ಬಿತ್ತು. ಗದರಿಕೆ ನಿರೀಕ್ಷಿಸಿದ್ದ ನೌಕರನಿಗೆ ಅದನ್ನೇ ಸರಕಾಗಿಸುವ ಆದೇಶ ದೊರೆಯಿತು. 1966ರಲ್ಲಿ ಬಿಡುಗಡೆಯಾದ ಆ ಅಲ್ಟ್ರಾ ಹ್ಯಾಂಡ್ 12 ಲಕ್ಷದಷ್ಟು ಮಾರಾಟವಾಯಿತು. ಯಂತ್ರ ದುರಸ್ತಿಯ ಯುವಕ ಆಟಿಕೆಗಳ ವಿನ್ಯಾಸಕನಾದ.

ಕ್ಯಾಲ್ಕ್ಯುಲೇಟರ್ ಸಮರದ ಲಾಭ

1970ರ ದಶಕದಲ್ಲಿ ಜಪಾನಿನ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ನಡುವೆ ಕ್ಯಾಲ್ಕ್ಯುಲೇಟರ್‌ಗಳ ಬೆಲೆ ಸಮರ ನಡೆಯಿತು. ಇಬ್ಬರೂ ಪೈಪೋಟಿಯಲ್ಲಿ ದರ ಇಳಿಸಿದ ಪರಿಣಾಮವಾಗಿ ಎಲ್‌ಸಿಡಿ ಪರದೆಗಳೂ ಚಿಪ್‌ಗಳೂ ಅಗ್ಗವಾದವು. ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರ್‌ನ ಗುಂಡಿಗಳನ್ನು ಒತ್ತುತ್ತಿದ್ದ ನೌಕರನೊಬ್ಬನನ್ನು ಕಂಡು ಯೊಕೊಯಿ ಅವರಿಗೆ ಜೇಬಿನಲ್ಲಿಡುವ ಆಟದ ಕಲ್ಪನೆ ಹೊಳೆಯಿತೆಂಬುದು ಪ್ರಸಿದ್ಧ ಕಥೆ. 1980ರಲ್ಲಿ 5,800 ಯೆನ್ ಬೆಲೆಗೆ ಬಂದ ಗೇಮ್ ಆ್ಯಂಡ್ ವಾಚ್ ಹುಟ್ಟಿದ್ದು ಹೀಗೆ. ಮುಂದಿನ ಸುಮಾರು ಒಂದು ದಶಕದಲ್ಲಿ ಈ ಸರಣಿಯ 4.34 ಕೋಟಿ ಯಂತ್ರಗಳು ಮಾರಾಟವಾದವು. ಇಂದಿನ ಬಹುತೇಕ ಕನ್ಸೋಲ್‌ಗಳಲ್ಲಿ ಕಾಣುವ ಕೂಡುಚಿಹ್ನೆಯ ಆಕಾರದ ದಿಕ್ಕಿನ ಗುಂಡಿ 1982ರಲ್ಲಿ ಇದೇ ಸರಣಿಯಲ್ಲಿ ರೂಪುಗೊಂಡಿತು.

ಇಲ್ಲಿಂದ ಯೊಕೊಯಿ ಅವರ ಸಿದ್ಧಾಂತ ಗಟ್ಟಿಯಾಯಿತು. ಹೊಚ್ಚ ಹೊಸ ತಂತ್ರಜ್ಞಾನದ ಬೆನ್ನು ಹತ್ತಬಾರದು. ಅದು ಪಳಗಿ, ಹಳತಾಗಿ, ಅಗ್ಗವಾಗುವವರೆಗೆ ಕಾದು, ಬಳಿಕ ಯಾರೂ ಯೋಚಿಸದ ಕೆಲಸಕ್ಕೆ ಅದನ್ನು ಹಚ್ಚಬೇಕು. ಹೀಗೆ ಮಾಡಿದರೆ ಮೊದಲ ದಿನವೇ ಕಡಿಮೆ ಬೆಲೆ ನಿಗದಿ ಮಾಡಬಹುದು. ನಂತರ ದರ ಕಡಿತದ ಮೊರೆ ಹೋಗುವ ಪ್ರಮೇಯ ಬೇಗ ಬಾರದು.

ಈ ಸಿದ್ಧಾಂತದ ಪರಮೋಚ್ಚ ಸಾಧನೆಯೇ ಗೇಮ್ ಬಾಯ್. ಸತೋರು ಒಕಾಡ ಮುಂತಾದ ಎಂಜಿನಿಯರುಗಳೊಡನೆ ಯೊಕೊಯಿ ಅವರ ವಿಭಾಗ ರೂಪಿಸಿದ ಈ ಯಂತ್ರ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ 12,500 ಯೆನ್‌ಗೆ ಬಿಡುಗಡೆಯಾಯಿತು. ಎರಡೇ ವಾರದಲ್ಲಿ 3 ಲಕ್ಷ ಯಂತ್ರಗಳು ಖರ್ಚಾದವು. ಅದೇ ವರ್ಷ ಅಮೆರಿಕದಲ್ಲಿ ಟೆಟ್ರಿಸ್ ಆಟದೊಂದಿಗೆ ಸುಮಾರು 90 ಡಾಲರ್‌ಗೆ ಬಂತು. ಬೆನ್ನಲ್ಲೇ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು, ಆದರೆ ಬೆಲೆ ಸುಮಾರು 180 ಡಾಲರ್. ಸೆಗಾ ಕಂಪನಿಯ ಗೇಮ್ ಗಿಯರ್ 1991ರಲ್ಲಿ ಸುಮಾರು 150 ಡಾಲರ್‌ಗೆ ಅಮೆರಿಕಕ್ಕೆ ಬಂತು. ಅದಕ್ಕೆ ಆರು ಬ್ಯಾಟರಿ ಹಾಕಿದರೂ ಆಟ ಮೂರರಿಂದ ಐದು ಗಂಟೆ ಮಾತ್ರ. ಗೇಮ್ ಬಾಯ್ ನಾಲ್ಕೇ ಬ್ಯಾಟರಿಯಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬಣ್ಣವಿಲ್ಲದ ಯಂತ್ರ ಬಣ್ಣದ ಯಂತ್ರಗಳನ್ನು ಹಿಮ್ಮೆಟ್ಟಿಸಿತು. ಮುಂದೆ 1998ರಲ್ಲಿ ಬಂದ ಬಣ್ಣದ ಮಾದರಿಯೂ ಸೇರಿ ಇದರ ಒಟ್ಟು ಮಾರಾಟ 11.86 ಕೋಟಿ ದಾಟಿತು.

ಅಕಾಲದ ಬಿಡುಗಡೆ

ಕಾಯುವುದೇ ಬಲವಾಗಿದ್ದ ಯೊಕೊಯಿ ಅವರಿಗೆ 1995ರಲ್ಲಿ ಕಾಯುವ ಅವಕಾಶ ಸಿಗಲಿಲ್ಲ. ಕನ್ಸೋಲ್ ಪೈಪೋಟಿ ಆಗ ತಾರಕಕ್ಕೇರಿತ್ತು. ಆ ವರ್ಷದ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಮೇಳದಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರವನ್ನು ನಿಗದಿತ ದಿನಕ್ಕಿಂತ ಸುಮಾರು ನಾಲ್ಕು ತಿಂಗಳು ಮೊದಲೇ 399 ಡಾಲರ್‌ಗೆ ಅಂಗಡಿಗೆ ಬಿಟ್ಟಿತು. ಅದೇ ದಿನ ಸೋನಿ ತನ್ನ ಪ್ಲೇಸ್ಟೇಷನ್ ಬೆಲೆ 299 ಡಾಲರ್ ಎಂದು ಘೋಷಿಸಿ ಎದುರಾಳಿಯನ್ನು ಕಂಗೆಡಿಸಿತು. ನಿಂಟೆಂಡೊ 64 ಕನ್ಸೋಲ್ ಸಿದ್ಧವಾಗಲು ಇನ್ನೂ ಒಂದು ವರ್ಷ ಬೇಕಿತ್ತು. ಈ ನಡುವಣ ತೆರವಿಗೆ ಬಂದದ್ದು ಯೊಕೊಯಿ ಅವರ ವರ್ಚುವಲ್ ಬಾಯ್.

ಕಣ್ಣಿಟ್ಟು ನೋಡಿದರೆ ಚಿತ್ರಕ್ಕೆ ಆಳ ಕಾಣುವಂತೆ ಮಾಡುತ್ತಿದ್ದ ಈ ಯಂತ್ರಕ್ಕೆ ಬಳಸಿದ ತಂತ್ರಜ್ಞಾನ ಇನ್ನೂ ಪಳಗಿರಲಿಲ್ಲ. ಬೆಲೆ ಮಿತಿಯಲ್ಲಿಡಲು ಪರದೆಯನ್ನು ಕೆಂಪು ಬಣ್ಣವೊಂದಕ್ಕೇ ಸೀಮಿತಗೊಳಿಸಬೇಕಾಯಿತು. ತಲೆಗೆ ಧರಿಸುವ ಬದಲು ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾಯಿತು. ಜುಲೈನಲ್ಲಿ ಜಪಾನಿನಲ್ಲಿ 15,000 ಯೆನ್‌ಗೆ, ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಸುಮಾರು 180 ಡಾಲರ್‌ಗೆ ಅದು ಬಿಡುಗಡೆಯಾಯಿತು. ಆಡಿದವರು ಕಣ್ಣುನೋವು, ತಲೆನೋವೆಂದು ದೂರಿದರು. ಕಂಪನಿ ಅಮೆರಿಕದಲ್ಲಿ ಹಂತಹಂತವಾಗಿ ದರ ಇಳಿಸಿತು. 1996ರಲ್ಲಿ ಬೆಲೆ 100 ಡಾಲರ್‌ಗಿಂತ ಕೆಳಗಿಳಿದರೂ ಪ್ರಯೋಜನವಾಗಲಿಲ್ಲ. ಜಪಾನಿನಲ್ಲಿ ಅಷ್ಟರೊಳಗೆ ಮಾರಾಟವೇ ನಿಂತಿತ್ತು. ಒಟ್ಟು ಖರ್ಚಾದದ್ದು ಸುಮಾರು 7.7 ಲಕ್ಷ ಯಂತ್ರ ಮಾತ್ರ.

ದರ ಕಡಿತ ಯಾವಾಗ ಫಲ ಕೊಡುತ್ತದೆ ಎಂಬುದಕ್ಕೆ ಇದೇ ಕಂಪನಿಯ ಇನ್ನೊಂದು ನಿದರ್ಶನವಿದೆ. 2011ರ ಫೆಬ್ರುವರಿಯಲ್ಲಿ 25,000 ಯೆನ್‌ಗೆ ಬಂದ ನಿಂಟೆಂಡೊ 3ಡಿಎಸ್ ಮುಗ್ಗರಿಸಿದಾಗ, ಆರು ತಿಂಗಳೊಳಗೆ ಅದರ ಬೆಲೆಯನ್ನು 15,000 ಯೆನ್‌ಗೆ ಇಳಿಸಲಾಯಿತು. ವರ್ಷಾಂತ್ಯಕ್ಕೆ ಮಾರಿಯೊ ಆಟಗಳೂ ಜೊತೆಗೂಡಿದವು. ಆ ಯಂತ್ರ ಚೇತರಿಸಿಕೊಂಡು ಏಳೂವರೆ ಕೋಟಿಗೂ ಹೆಚ್ಚು ಮನೆಮಾತಾಯಿತು. ವರ್ಚುವಲ್ ಬಾಯ್‌ಗೆ ಇಂಥ ಆಟಗಳ ಬೆಂಬಲವಿರಲಿಲ್ಲ. ಎರಡು ಡಜನ್‌ಗಿಂತ ಕಡಿಮೆ ಆಟಗಳೊಂದಿಗೆ ಅದರ ಕಥೆ ಮುಗಿಯಿತು. ಗ್ರಾಹಕ ಬೇಡವೆಂದದ್ದು ಬೆಲೆಯನ್ನಲ್ಲ, ಯಂತ್ರವನ್ನು.

ಸೋಲಿನ ನೆರಳಿನಲ್ಲಿಯೇ ಯೊಕೊಯಿ ಮತ್ತೆ ತಮ್ಮ ಹಳೆಯ ದಾರಿಗೆ ಮರಳಿದರು. 1996ರ ಜುಲೈನಲ್ಲಿ ತೆಳುವಾದ, ಎರಡೇ ಬ್ಯಾಟರಿಯ ಗೇಮ್ ಬಾಯ್ ಪಾಕೆಟ್ 6,800 ಯೆನ್‌ಗೆ ಬಂತು. ಅದೇ ವರ್ಷ ಫೆಬ್ರುವರಿಯಲ್ಲಿ ಬಿಡುಗಡೆಯಾಗಿದ್ದ ಪೊಕೆಮಾನ್ ಆಟ ಜನಪ್ರಿಯತೆಯತ್ತ ಸಾಗುತ್ತಿದ್ದ ಕಾಲವದು. ಏಳು ವರ್ಷದ ಹಳೆಯ ಯಂತ್ರಕ್ಕೆ ಮರುಜೀವ ಬಂದಂತಾಯಿತು. ಮರುತಿಂಗಳೇ, 31 ವರ್ಷಗಳ ಸೇವೆಯ ಬಳಿಕ, ಯೊಕೊಯಿ ನಿಂಟೆಂಡೊ ತೊರೆದು ಕೋಟೊ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಬಂದಾಯ್ ಕಂಪನಿಗಾಗಿ ಹೊಸ ಕೈಯಂತ್ರವೊಂದನ್ನು ರೂಪಿಸತೊಡಗಿದರು.

ಅದರ ಬಿಡುಗಡೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಹೊಕುರಿಕು ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಆದ ಹಾನಿಯನ್ನು ನೋಡಲು ಕೆಳಗಿಳಿದಾಗ ಮತ್ತೊಂದು ಕಾರು ಬಡಿದು ಅವರು ಅಸುನೀಗಿದರು. ಆಗ ಅವರಿಗೆ 56 ವರ್ಷ.

1999ರ ಮಾರ್ಚ್‌ನಲ್ಲಿ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಆ ಯಂತ್ರ ಅಂಗಡಿಗೆ ಬಂತು. ಕಪ್ಪು ಬಿಳುಪು ಪರದೆ, ಒಂದೇ ಬ್ಯಾಟರಿ, ಬೆಲೆ 4,800 ಯೆನ್. ಜೊತೆಗೆ ಬಂದ ಒಗಟಿನ ಆಟಕ್ಕೆ ಅದರ ರೂವಾರಿಯ ನೆನಪಿನಲ್ಲಿ ಗುನ್‌ಪೇ ಎಂದೇ ಹೆಸರಿಡಲಾಗಿತ್ತು.