ಯೋಧರ ಅಳಲಿಗೆ ಕಿವಿಗೊಟ್ಟ ವೈದ್ಯ ರಿವರ್ಸ್

ಜಮಖಂಡಿ: ಯುದ್ಧ ಕಂಡು ಮರಳಿದ ಸೈನಿಕನಿಗೆ ಆದದ್ದನ್ನು ಮರೆತುಬಿಡುವಂತೆ ಬುದ್ಧಿ ಹೇಳುವುದು ಎಲ್ಲ ಕಡೆಯಂತೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲೂ ಸಹಜ. ಈ ಬುದ್ಧಿಮಾತೇ ನೋವನ್ನು ಹೆಚ್ಚಿಸಬಹುದು ಎಂದು ಶತಮಾನದ ಹಿಂದೆಯೇ ಎಚ್ಚರಿಸಿದವರು ಬ್ರಿಟಿಷ್ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್.

1864ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜನಿಸಿದ ರಿವರ್ಸ್ ಅವರಿಗೆ ಉಗ್ಗು ಇತ್ತು. ಸ್ವತಃ ಮಾತಿಗೆ ತಡವರಿಸುತ್ತಿದ್ದ ಅವರು ಇತರರ ಮಾತನ್ನು ತಾಳ್ಮೆಯಿಂದ ಆಲಿಸುವುದರಲ್ಲಿ ನಿಪುಣರಾಗಿದ್ದರು. 1901-02ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು ತೋಡ ಜನಾಂಗದ ಅಧ್ಯಯನ ನಡೆಸಿ, 1906ರಲ್ಲಿ ಗ್ರಂಥ ಪ್ರಕಟಿಸಿದರು.

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ನಡುಕ, ದುಃಸ್ವಪ್ನಗಳಿಂದ ಬಳಲಿದರು. ಕೆಲವರ ಮಾತೇ ನಿಂತಿತು. ಹಲವರು ಇದನ್ನು ಹೇಡಿತನವೆಂದರು. ಕೆಲವೆಡೆ ವಿದ್ಯುತ್ ಆಘಾತ ನೀಡಲಾಯಿತು. ಆದರೆ 1916ರಲ್ಲಿ ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ ಸೇರಿದ ರಿವರ್ಸ್, ಅದುಮಿಟ್ಟ ನೆನಪುಗಳನ್ನು ಸ್ವಲ್ಪ ಸ್ವಲ್ಪವೇ ಹೇಳಿಕೊಳ್ಳಲು ಸೇನಾಧಿಕಾರಿಗಳಿಗೆ ನೆರವಾದರು. ಸದಾ ಅದನ್ನೇ ಮೆಲುಕು ಹಾಕುವುದೂ ಸಲ್ಲದೆಂದರು.

ಆದರೆ ಗುಣಪಡಿಸುವುದೆಂದರೆ ಮರಳಿ ರಣರಂಗಕ್ಕೆ ಅಣಿಗೊಳಿಸುವುದು. ಈ ಇಕ್ಕಟ್ಟು ಅವರನ್ನು ಕಾಡಿತು. ಯುದ್ಧ ವಿರೋಧಿಸಿ 1917ರಲ್ಲಿ ಆಸ್ಪತ್ರೆ ಸೇರಿದ್ದ ಕವಿ ಸೀಗ್‌ಫ್ರೀಡ್ ಸಸೂನ್ ಕೊನೆಗೆ ಕರ್ತವ್ಯಕ್ಕೆ ಮರಳಿ, 1918ರಲ್ಲಿ ತಲೆಗೆ ಗುಂಡು ತಗುಲಿ ಗಾಯಗೊಂಡರು.

ರಿವರ್ಸ್ 1922ರ ಜೂನ್ 4ರಂದು ನಿಧನರಾದರು. ಆಘಾತೋತ್ತರ ಒತ್ತಡದ ಕಾಯಿಲೆಗೆ ವೈದ್ಯಕೀಯ ಮನ್ನಣೆ ದೊರೆತದ್ದು 1980ರಲ್ಲಿ. ಈಗ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಯಾರು ಬೇಕಾದರೂ ಮನದ ಭಾರ ಇಳಿಸಿಕೊಳ್ಳಬಹುದು.