ವೆಲ್ಸನ ಆಟದ ಫಿರಂಗಿ

ಮೊನ್ನೆ ನಮ್ಮ ಮನೆಯ ಹುಡುಗನೊಬ್ಬ ಕೆಂಪು ದೀಪ ಮಿನುಗುವ ಆಟದ ಪಿಸ್ತೂಲನ್ನು ನನ್ನೆದೆಗೆ ಗುರಿಯಿಟ್ಟು, ನಾನು ಸುಟ್ಟು ಬೂದಿಯಾದೆನೆಂದು ಸಾರಿದ. ಗುಂಡಿಲ್ಲ, ಹೊಗೆಯಿಲ್ಲ; ಬರಿಯ ಬೆಳಕು. ಸಾಯುವುದಕ್ಕೆಂದು ಕುರ್ಚಿಯಿಂದ ಜಾರಿ ನೆಲದ ಮೇಲೆ ಮಲಗಿದಾಗ ನನಗೆ ಎಚ್. ಜಿ. ವೆಲ್ಸನ ನೆನಪಾಯಿತು. ಕೊಲ್ಲುವ ಕಿರಣದ ಕಲ್ಪನೆಯನ್ನು ಮನೆಮಾತಾಗಿಸಿದವನು ಆತನೇ ಅಲ್ಲವೆ?

ವೆಲ್ಸ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ, 1866ರ ಸೆಪ್ಟೆಂಬರ್ 21ರಂದು. ತಂದೆ ಪಿಂಗಾಣಿ ಪಾತ್ರೆಗಳನ್ನೂ ಕ್ರಿಕೆಟ್ ಸಾಮಗ್ರಿಯನ್ನೂ ಮಾರುತ್ತಿದ್ದ ಸಣ್ಣ ಅಂಗಡಿಕಾರ. ತಾಯಿ ಸಿರಿವಂತರ ಮನೆಯಲ್ಲಿ ಊಳಿಗ ಮಾಡಿದವಳು. ಏಳನೆಯ ವಯಸ್ಸಿನಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಹುಡುಗನಿಗೆ ಓದಿನ ರುಚಿ ಹತ್ತಿತು. ಬಡತನ ಅವನನ್ನು ಬಟ್ಟೆಯಂಗಡಿಯ ಚಾಕರಿಗೆ ನೂಕಿತು. ಅದನ್ನು ಕೊಡವಿಕೊಂಡು, 1884ರಲ್ಲಿ ವಿದ್ಯಾರ್ಥಿವೇತನ ಪಡೆದು, ಲಂಡನ್ನಿನಲ್ಲಿ ಥಾಮಸ್ ಹೆನ್ರಿ ಹಕ್ಸ್ಲಿಯ ಬಳಿ ಜೀವಶಾಸ್ತ್ರ ಕಲಿತ.

1898ರಲ್ಲಿ ಪುಸ್ತಕವಾಗಿ ಬಂದ ಅವನ ಕಾದಂಬರಿಯಲ್ಲಿ ಮಂಗಳಗ್ರಹದವರು ಕಣ್ಣಿಗೆ ಕಾಣದ ತಾಪಕಿರಣದಿಂದ ಇಂಗ್ಲಿಷರನ್ನು ಸುಡುತ್ತಾರೆ. ಟಾಸ್ಮೇನಿಯದ ಮೂಲನಿವಾಸಿಗಳಿಗೆ ತಾವು ತಂದೊಡ್ಡಿದ ಗತಿಯನ್ನು ತನ್ನ ಜನ ನೆನೆಯಲೆಂಬುದು ಅವನ ಇಂಗಿತ. ಆದರೆ ಮಕ್ಕಳ ಕೈಗೆ ದಾಟಿದ್ದು ಕಿರಣ ಮಾತ್ರ, ಪಶ್ಚಾತ್ತಾಪವಲ್ಲ. 1929ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಕ್ ರಾಜರ್ಸ್ ಎಂಬ ವ್ಯೋಮವೀರನ ಚಿತ್ರಕಥೆ ಮೊದಲಾಯಿತು. 1934ರಲ್ಲಿ ಡೇಸಿ ಕಂಪನಿ ಅವನ ಹೆಸರಿನ ತಗಡಿನ ಪಿಸ್ತೂಲನ್ನು ಮಾರಾಟಕ್ಕಿಟ್ಟಿತು. ಕುದುರೆ ಎಳೆದರೆ ಠಪ್ಪೆಂಬ ಸದ್ದು, ಅಷ್ಟೆ. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು.

ವೆಲ್ಸನೂ ಆಟವಾಡಿದವನೇ. ತನ್ನಿಬ್ಬರು ಗಂಡುಮಕ್ಕಳೊಡನೆ ನೆಲದ ಮೇಲೆ ಕುಳಿತು ಮರದ ತುಂಡುಗಳಿಂದ ದ್ವೀಪಗಳನ್ನೂ ನಗರಗಳನ್ನೂ ಕಟ್ಟಿದ. ಆ ಆಟಗಳನ್ನು ಕುರಿತು 1911ರಲ್ಲಿ ಪುಸ್ತಕ ಬರೆದ. 1913ರಲ್ಲಿ ಮತ್ತೊಂದು ಪುಸ್ತಕ ಬರೆದು, ಸೀಸದ ಸಿಪಾಯಿಗಳ ಯುದ್ಧಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ಗೊತ್ತುಮಾಡಿದ. ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಮರದ ಗುಂಡು ಹಾರಿಸಿ, ಉರುಳಿದ ಸಿಪಾಯಿಗಳನ್ನು ಎಣಿಸುವುದು. ಯುದ್ಧದ ಹುಚ್ಚಿರುವವರು ಹೀಗೆ ಆಡಿ ತಣಿಯಲಿ, ಇಲ್ಲಿ ಯಾವ ತಾಯಿಯೂ ಅಳಬೇಕಾಗಿಲ್ಲ ಎಂಬುದು ಅವನ ವಾದ.

ಮರುವರ್ಷವೇ ಮಹಾಯುದ್ಧ ಬಂತು. ಆಟದಲ್ಲಿ ಯುದ್ಧವನ್ನು ಅಷ್ಟು ಚೆನ್ನಾಗಿ ಕಂಡವನು, ಯುದ್ಧಗಳನ್ನೆಲ್ಲ ಕೊನೆಗಾಣಿಸುವ ಯುದ್ಧವೆಂದು ಅದನ್ನು ಸಮರ್ಥಿಸಿದ. ವಿವೇಕಿಯೂ ಜಾರುವ ಕಡೆ ಇದು. ಇದಕ್ಕಾಗಿ ಅವನನ್ನು ಹಳಿಯುವ ಮನಸ್ಸು ನನಗಿಲ್ಲ. ಅದೇ 1914ರಲ್ಲಿ ಪ್ರಕಟವಾದ ಕಾದಂಬರಿಯೊಂದರಲ್ಲಿ ಆತ ಪರಮಾಣು ಬಾಂಬುಗಳನ್ನು ಕಲ್ಪಿಸಿದ್ದ. ಆ ಕಲ್ಪನೆ 1945ರ ಆಗಸ್ಟ್ 6ರಂದು ಹಿರೋಷಿಮದ ಮೇಲೆ ನಿಜವಾಗಿ ಬಿದ್ದುದನ್ನು ಕೇಳಿಯೇ, 1946ರ ಆಗಸ್ಟ್ 13ರಂದು ಕಣ್ಣು ಮುಚ್ಚಿದ. ಆ ಬಾಂಬಿನ ಒಡಲಲ್ಲಿದ್ದುದು ಯುರೇನಿಯಂ-235. ಯುದ್ಧ ಮುಗಿಯುತ್ತಲೇ ಡೇಸಿ ಕಂಪನಿ ಹೊರತಂದ ಬಕ್ ರಾಜರ್ಸನ ಹೊಸ ಪಿಸ್ತೂಲಿನ ಹೆಸರು ಯು-235.

ಇದನ್ನೆಲ್ಲ ನಮ್ಮ ಹುಡುಗನಿಗೆ ಹೇಳೋಣವೆಂದುಕೊಂಡೆ. ಆದರೆ ಬೂದಿಯಾದವರು ಮಾತಾಡಬಾರದೆಂಬುದು ಅವನ ನಿಯಮ. ಸುಮ್ಮನೆ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ಪಿಸ್ತೂಲನ್ನು ಬದಿಗಿಟ್ಟು ಬಂದು, ಆಟ ಮುಗಿಯಿತೆಂದು ನನ್ನ ಕೈಹಿಡಿದು ಎಬ್ಬಿಸಿದ.